ಉಸಿರು ಬಿಡುವುದೇ ಮೊದಲ ಪಾಠ

ಜೂನ್ 21ರ ಯೋಗದಿನ ಸಮೀಪಿಸಿತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಶಾಲೆ-ಕಾಲೇಜುಗಳ ಮೈದಾನಗಳಲ್ಲಿ ಜಮಖಾನೆ ಹಾಸುತ್ತಾರೆ. ಧ್ವನಿವರ್ಧಕದಿಂದ ‘ಶ್ವಾಸ ಘ್ಯಾ, ಶ್ವಾಸ ಸೋಡಾ’ ಎಂಬ ಮರಾಠಿ ಸೂಚನೆ ಕೇಳಿಬರುತ್ತದೆ. ಮನೆಯಲ್ಲಿ ಕನ್ನಡವನ್ನಾಡುವ ವಿದ್ಯಾರ್ಥಿಗಳೂ ಅದನ್ನು ಸಲೀಸಾಗಿ ಅನುಸರಿಸುತ್ತಾರೆ. ತೊಡಕು ಇರುವುದು ಮುಂದಿನ ಸೂಚನೆಯಲ್ಲಿ: ‘ಪೋಟ್ ಆತ್ ಘ್ಯಾ.’ ಕನ್ನಡದ ಶಿಬಿರಗಳಲ್ಲಿ ಹೇಳುವ ‘ಹೊಟ್ಟೆ ಒಳಗೆ ಎಳೆದುಕೊಳ್ಳಿ’ ಎಂಬ ಮಾತಿನಲ್ಲಿಯೂ ಅದೇ ತೊಡಕಿದೆ. ಇದನ್ನು ಕೇಳಿದ ಹೊಸಬರು ಹೊಟ್ಟೆಯ ಸ್ನಾಯುಗಳನ್ನು ಬಿಗಿದು, ಮುಖ ಕೆಂಪೇರುವವರೆಗೆ ಜಗ್ಗುತ್ತಾರೆ. ಹೊಟ್ಟೆ ತುಸು ಒಳಸರಿದು ಅಲ್ಲಿಯೇ ನಿಲ್ಲುತ್ತದೆ. ನಾಲ್ಕು ದಿನ ಹೀಗೆ ಹೆಣಗಿ, ಇದು ತಮ್ಮ ಮೈಗೆ ಒಗ್ಗದ ವಿದ್ಯೆಯೆಂದು ಕೈಬಿಡುತ್ತಾರೆ. ಅವರ ಮೈಯಲ್ಲಿ ದೋಷವಿಲ್ಲ. ದೋಷವಿರುವುದು ಸೂಚನೆಯ ಕ್ರಿಯಾಪದದಲ್ಲಿ.

ಉಡ್ಡಿಯಾನ ಬಂಧವೆಂಬ ಉದರಕ್ರಿಯೆಯಲ್ಲಿ ನಿಜವಾಗಿ ನಡೆಯುವುದೇನೆಂಬುದನ್ನು ಗಮನಿಸಬೇಕು. ಪಾದಗಳ ನಡುವೆ ಒಂದಡಿಯಷ್ಟು ಅಂತರವಿರಿಸಿ, ಮೊಣಕಾಲುಗಳನ್ನು ತುಸು ಬಾಗಿಸಿ, ಅಂಗೈಗಳನ್ನು ತೊಡೆಗಳ ಮೇಲೂರಿ, ಶ್ವಾಸಕೋಶದಲ್ಲಿರುವ ಗಾಳಿಯನ್ನು ಸಾಧ್ಯವಾದಷ್ಟೂ ಹೊರಬಿಡಬೇಕು. ಬಳಿಕ ಗಂಟಲ ದ್ವಾರವನ್ನು ಮುಚ್ಚಿ, ಗಾಳಿಯನ್ನು ಒಳಬಿಡದೆಯೇ ಉಸಿರೆಳೆದುಕೊಳ್ಳುವಂತೆ ಎದೆಗೂಡನ್ನು ಅರಳಿಸಬೇಕು. ಆಗ ಎದೆಗೂ ಹೊಟ್ಟೆಗೂ ನಡುವಣ ಸ್ನಾಯುಪರದೆಯಾದ ವಪೆ ಮೇಲೇರುತ್ತದೆ; ಅದರ ಹಿಂದೆಯೇ ಸಡಿಲವಾಗಿರುವ ಹೊಟ್ಟೆ ಪಕ್ಕೆಲುಬುಗಳ ಕೆಳಗೆ ಕುಳಿಯಾಗಿ ಸೇರಿಕೊಳ್ಳುತ್ತದೆ. ಅದನ್ನು ಯಾರೂ ಎಳೆಯಬೇಕಾಗಿಲ್ಲ. ಎಳೆಯಲೆಂದು ಸ್ನಾಯುಗಳನ್ನು ಬಿಗಿದರೆ ಆ ಬಿಗಿತವೇ ಗೋಡೆಯಾಗಿ ಅಡ್ಡ ನಿಲ್ಲುತ್ತದೆ. ಸಂಸ್ಕೃತದ ಹೆಸರೂ ಇದನ್ನೇ ಸೂಚಿಸುತ್ತದೆ: ‘ಉಡ್ಡಿಯಾನ’ವೆಂದರೆ ಮೇಲಕ್ಕೆ ಹಾರುವುದು. ಹೆಸರಿಟ್ಟವರು ಹಾರುವಿಕೆಯನ್ನು ಕಂಡರು. ಇಂದಿನ ಶಿಬಿರಗಳು ಅದನ್ನು ಎಳೆತವಾಗಿಸಿದವು.

ದೇಹವಿದ್ಯೆಯನ್ನು ನೋಡಿ ಕಲಿಯಬೇಕು, ಅದಕ್ಕೆ ಮಾತಿನ ಹಂಗೇಕೆ ಎಂದು ಕೇಳುವವರುಂಟು. ಮಲ್ಲಕಂಬಕ್ಕೋ ಸೂರ್ಯನಮಸ್ಕಾರಕ್ಕೋ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಅಲ್ಲಿ ಮಾಡುವುದೆಲ್ಲ ಕಣ್ಣಿಗೆ ಕಾಣುತ್ತದೆ. ಉದರಕ್ರಿಯೆಯಲ್ಲಿ ಕಾಣುವುದು ಒಳಸೇರಿದ ಹೊಟ್ಟೆ ಮಾತ್ರ. ಮುಚ್ಚಿದ ಗಂಟಲು, ಅರಳಿದ ಎದೆಗೂಡಿನ ಒಳಬಲ, ಸ್ನಾಯುಗಳ ಸಡಿಲಿಕೆ ಇವಾವುವೂ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಕಂಡದ್ದನ್ನು ಅನುಕರಿಸಿದವರು ಫಲವನ್ನು ಅನುಕರಿಸುತ್ತಾರೆಯೇ ಹೊರತು ಕ್ರಿಯೆಯನ್ನಲ್ಲ. ಕಾಣದುದನ್ನು ತಿಳಿಸಲು ಮಾತೇ ಬೇಕು. ಆ ಮಾತು ಖಚಿತವಾಗಿರಬೇಕು. ಕಲಿಯುವವರ ಮನೆಮಾತಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಕಪಾಲಭಾತಿಯ ಗತಿಯೂ ಹೀಗೆಯೇ ಆಗಿದೆ. ಹಠಯೋಗಪ್ರದೀಪಿಕೆಯನ್ನು ರಚಿಸಿದ ಸ್ವಾತ್ಮಾರಾಮನು ಇದನ್ನು ಕಮ್ಮಾರನ ತಿದಿಗೆ ಹೋಲಿಸಿದ್ದಾನೆ. ಇಂದು ಕಲಿಸುವ ಕ್ರಮದಲ್ಲಿ ಹೊಟ್ಟೆಯ ಒಂದು ಚಿಕ್ಕ ಒತ್ತಿನಿಂದ ಉಸಿರನ್ನು ಹೊರದೂಡುವುದಷ್ಟೇ ಅಭ್ಯಾಸಿಯ ಕೆಲಸ. ಒಳಬರುವ ಉಸಿರು ತಾನಾಗಿಯೇ ಬರುತ್ತದೆ. ಹಳೆಯ ಆಟೋರಿಕ್ಷಾಗಳ ರಬ್ಬರ್ ಹಾರ್ನನ್ನು ನೆನೆದರೆ ಇದು ಕೂಡಲೇ ಅರ್ಥವಾಗುತ್ತದೆ: ಒತ್ತುವುದು ಕೈ, ಮತ್ತೆ ಉಬ್ಬುವುದು ರಬ್ಬರಿನ ಸ್ವಭಾವ. ಈ ಭೇದವನ್ನು ತಿಳಿಸದೆ ‘ಜೋರಾಗಿ, ಬೇಗ ಬೇಗ’ ಎಂದು ಎಣಿಕೆ ಹಾಕಿಸಿದರೆ ಹೊಸಬರು ಒಳಗೂ ಹೊರಗೂ ಒಂದೇ ರಭಸದಿಂದ ಉಸಿರಾಡಿ, ತಲೆ ಸುತ್ತಿ ಕುಳಿತುಬಿಡುತ್ತಾರೆ. ನೂರು ಎಣಿಸಿದವರಿಗೆ ಚಪ್ಪಾಳೆ, ಇಪ್ಪತ್ತಕ್ಕೆ ನಿಲ್ಲಿಸಿದವರಿಗೆ ಸಂಕೋಚ. ಉಸಿರನ್ನು ಪಂದ್ಯಕ್ಕಿಳಿಸಿದ ಈ ರೂಢಿ ಶಾಸ್ತ್ರಸಮ್ಮತವೂ ಅಲ್ಲ, ವಿವೇಕಸಮ್ಮತವೂ ಅಲ್ಲ.

ಹಳೆಯ ಗ್ರಂಥಕಾರರು ಈ ವಿಷಯದಲ್ಲಿ ಬಹಳ ಎಚ್ಚರಿಕೆಯುಳ್ಳವರು. ಆಸನ ಸ್ಥಿರವಾದ ಮೇಲೆಯೇ ಪ್ರಾಣಾಯಾಮವೆಂಬುದು ಪತಂಜಲಿಯ ಕ್ರಮ. ಸಿಂಹ, ಆನೆ, ಹುಲಿಗಳನ್ನು ಪಳಗಿಸುವಂತೆ ಉಸಿರನ್ನು ಮೆಲ್ಲಮೆಲ್ಲನೆ ವಶಪಡಿಸಿಕೊಳ್ಳಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂಬುದು ಸ್ವಾತ್ಮಾರಾಮನ ಎಚ್ಚರಿಕೆ. ನೌಲಿ, ಕಪಾಲಭಾತಿಗಳನ್ನೊಳಗೊಂಡ ಷಟ್ಕರ್ಮಗಳನ್ನು ಸಹ ಆತನು ಎಲ್ಲರಿಗೂ ವಿಧಿಸಲಿಲ್ಲ. ಮೇದಸ್ಸು, ಕಫ ಹೆಚ್ಚಾಗಿರುವವರಿಗೆಂದು ಹೇಳಿ, ಉಳಿದವರಿಗೆ ಅವುಗಳ ಅಗತ್ಯವಿಲ್ಲವೆಂದನು. ಗ್ರಂಥವೇ ಆಯ್ದು ಕೊಟ್ಟುದನ್ನು ಮೈದಾನದಲ್ಲಿ ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚುವುದು ಸರಿಯೆನಿಸದು. ರಕ್ತದೊತ್ತಡ, ಹೃದ್ರೋಗ, ಹರ್ನಿಯಾ, ಜಠರದ ಹುಣ್ಣು, ಗ್ಲಾಕೋಮಾ ಇರುವವರು, ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು ಉದರಕ್ರಿಯೆಗಳಿಂದ ದೂರವಿರಬೇಕು. ಮುಟ್ಟಿನ ದಿನಗಳಲ್ಲಿಯೂ ಅವು ಬೇಡ. ಉಂಡ ಬಳಿಕ ನಾಲ್ಕು ಗಂಟೆಯಾದರೂ ಕಳೆದಿರಬೇಕು. ಈ ನಾಲ್ಕು ಮಾತುಗಳನ್ನು ಮೊದಲಿಗೇ ಹೇಳದ ತರಗತಿ ಎಷ್ಟೇ ಅಚ್ಚುಕಟ್ಟಾಗಿ ನಡೆದರೂ ಅರೆಕಲಿಕೆಯೇ ಸರಿ.

ಹಾಗಾದರೆ ಹೊಸಬರು ಎಲ್ಲಿಂದ ತೊಡಗಬೇಕು? ಅಂಗಾತ ಮಲಗಿ, ಹೊಟ್ಟೆಯ ಮೇಲೆ ಅಂಗೈಯಿರಿಸಿ, ಉಸಿರನ್ನು ತಿದ್ದದೆ ಗಮನಿಸುವುದರಿಂದ. ಉಸಿರು ಒಳಬಂದಾಗ ಹೊಟ್ಟೆ ಏರಬೇಕು, ಹೊರಹೋದಾಗ ಇಳಿಯಬೇಕು. ‘ಎದೆ ಉಬ್ಬಿಸಿ ನಿಲ್ಲು’ ಎಂಬ ಕವಾಯತಿನ ಮಾತಿಗೆ ಒಗ್ಗಿದ ಅನೇಕರಲ್ಲಿ ಇದು ತಿರುಗುಮುರುಗಾಗಿರುತ್ತದೆ. ಅದು ಸರಿಹೋದ ಮೇಲೆ ರೇಚಕವನ್ನು ನೀಳವಾಗಿಸುವುದು: ಪೂರಕಕ್ಕೆ ಮೂರು ಎಣಿಕೆಯಾದರೆ ರೇಚಕಕ್ಕೆ ಆರು. ಉಸಿರನ್ನು ಕಟ್ಟಿ ಹಿಡಿಯುವ ದೀರ್ಘ ಕುಂಭಕಕ್ಕೆ ಇಲ್ಲಿ ಸ್ಥಾನವಿಲ್ಲ. ಕೆಲವು ವಾರಗಳ ಬಳಿಕ ಉಡ್ಡಿಯಾನ, ದಿನಕ್ಕೆ ಮೂರೇ ಬಾರಿ. ಅದರಲ್ಲಿಯೂ ಉಸಿರು ಬೇಕೆನಿಸುವ ಮೊದಲೇ ಎದೆ-ಹೊಟ್ಟೆಗಳನ್ನು ಸಡಿಲಿಸಿ, ಬಳಿಕ ಮೆಲ್ಲನೆ ಗಾಳಿಯನ್ನು ಒಳಬಿಡಬೇಕು. ಏದುಸಿರು ಬಂದರೆ ಮಿತಿ ಮೀರಿತೆಂದೇ ಅರ್ಥ. ಅಗ್ನಿಸಾರವೂ, ಹೊಟ್ಟೆಯ ನಡುವಣ ಸ್ನಾಯುಗಳನ್ನು ಕಂಬದಂತೆ ಎಬ್ಬಿಸಿ ತಿರುಗಿಸುವ ನೌಲಿಯೂ ಇದರ ಮುಂದಿನವು. ಅವು ಬಲ್ಲವರ ಕಣ್ಣೆದುರಿನಲ್ಲಿಯೇ ನಡೆಯತಕ್ಕವು.

ಈ ಮಾತುಗಳಿಗೆ ಪ್ರಯೋಗದ ಬೆಂಬಲವೂ ಇದೆ. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋಣಾವಳೆಯಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ‘ಯೋಗಮೀಮಾಂಸಾ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಉಡ್ಡಿಯಾನ, ನೌಲಿಗಳ ವೇಳೆ ದೇಹದೊಳಗಿನ ಒತ್ತಡ ಹೇಗೆ ಇಳಿಯುತ್ತದೆಂಬುದನ್ನು ಅವರು ಉಪಕರಣಗಳಿಂದ ಅಳೆದು ತೋರಿಸಿದರು. ಕನ್ನಡವೂ ಆ ಕಾಲದಲ್ಲಿ ಹಿಂದೆ ಬಿದ್ದಿರಲಿಲ್ಲ. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ‘ಯೋಗಮಕರಂದ’ವನ್ನು ಬರೆದದ್ದು ಕನ್ನಡದಲ್ಲಿ, ಅದು 1934ರಲ್ಲಿ ಮೈಸೂರಿನಲ್ಲಿ ಹೊರಬಂದಿತು. ಅವರ ಶಿಷ್ಯರಾದ ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು 1937ರಲ್ಲಿ ಪುಣೆಗೆ ಬಂದು, ಅಲ್ಲಿಂದಲೇ ಜಗತ್ತಿಗೆ ಯೋಗವನ್ನು ಕಲಿಸಿದರು. ಇಂದು ಜಗತ್ತು ಕಲಿಯುತ್ತಿರುವ ಯೋಗದ ಒಂದು ದೊಡ್ಡ ಶಾಖೆ ಮೊದಲು ಮಾತನಾಡಿದ್ದು ಕನ್ನಡದಲ್ಲಿ. ಅಂಥ ಭಾಷೆಯ ವಿದ್ಯಾರ್ಥಿಗಳು ತಮ್ಮ ಉಸಿರಿನ ಬಗೆಗೆ ಹೇಳಲು ಮಾತಿಲ್ಲದೆ ನಿಲ್ಲಬೇಕಾಗಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಶೂನ್ಯಸಂಪಾದನೆಯ ಗೋರಕ್ಷನ ಪ್ರಸಂಗ ಇಲ್ಲಿ ನೆನಪಾಗಬೇಕು. ಯೋಗಸಾಧನೆಯಿಂದ ಮೈಯನ್ನು ವಜ್ರವಾಗಿಸಿಕೊಂಡ ಗೋರಕ್ಷನಿಗೆ ಖಡ್ಗ ತಗುಲಿದಾಗ ಖಣಿಲೆಂಬ ಸದ್ದಾಗುತ್ತದೆ. ಸೊನ್ನಲಿಗೆಯ ಸಿದ್ಧರಾಮನೊಡನೆ ಸಂವಾದಿಸಿದ ಅದೇ ಅಲ್ಲಮನ ಮೈಯಲ್ಲಿ ಖಡ್ಗ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಆ ಪ್ರಸಂಗದ ಅರ್ಥ ಆಧ್ಯಾತ್ಮಿಕವಾದುದು, ಅದನ್ನು ವ್ಯಾಯಾಮದ ಪಾಠವಾಗಿ ಇಳಿಸಲಾಗದು. ಆದರೂ ಬಿಗಿದ ಹೊಟ್ಟೆಯೊಡನೆ ಹೆಣಗಿದ ವಿದ್ಯಾರ್ಥಿಯು ಅದನ್ನು ಓದಿದರೆ, ಗಟ್ಟಿತನವೇ ಸಿದ್ಧಿಯೆಂಬ ಭ್ರಮೆ ಎಷ್ಟು ಹಳೆಯದೆಂಬುದನ್ನು ಮೈಯಿಂದಲೇ ತಿಳಿಯಬಲ್ಲನು.

ಐಚ್ಛಿಕ ಕನ್ನಡದ ತರಗತಿಗೆ ಇಲ್ಲೊಂದು ಕೆಲಸ ಕಾದಿದೆ. ಗಡಿಭಾಗದ ವಿದ್ಯಾರ್ಥಿಗಳಿಗೆ ಎರಡು ಭಾಷೆಗಳ ಸೂಚನೆಗಳೂ ಗೊತ್ತು. ಎರಡರ ಕೊರತೆಯನ್ನೂ ಅವರು ತೂಗಿ ನೋಡಬಲ್ಲರು. ಅವರು ದೈಹಿಕ ಶಿಕ್ಷಣ ವಿಭಾಗದವರೊಡನೆ ಕುಳಿತು, ಹೊಸಬರಿಗಾಗಿ ಎರಡು ಪುಟಗಳ ಸೂಚನಾಪತ್ರವನ್ನು ಕನ್ನಡ-ಮರಾಠಿಗಳಲ್ಲಿ ಸಿದ್ಧಪಡಿಸಲಿ. ‘ಎಳೆ’ ಎಂಬಲ್ಲಿ ‘ಸಡಿಲಿಸು’, ‘ಜೋರಾಗಿ’ ಎಂಬಲ್ಲಿ ‘ನೀಳವಾಗಿ’, ‘ಹಿಡಿ’ ಎಂಬಲ್ಲಿ ‘ಬಿಡು’ ಎಂದಾಗಲಿ. ಯಾರು ಮಾಡಬಾರದೆಂಬ ಪಟ್ಟಿ ಮೊದಲ ಸಾಲುಗಳಲ್ಲಿಯೇ ಇರಲಿ. ಮುಂದಿನ ಯೋಗದಿನದಂದು ಧ್ವನಿವರ್ಧಕದ ಮುಂದೆ ನಿಲ್ಲುವವರ ಕೈಯಲ್ಲಿ ಆ ಪತ್ರವಿರಬೇಕು.