ವಾಪಸ್ ಬಂದ ಚೆಕ್ಕು

ಕಳೆದ ಭಾನುವಾರ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದೆ. ಏಳನೇ ತರಗತಿ ಓದುವ ಮೊಮ್ಮಗಳು ಮುಖ ಊದಿಸಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಶಾಲೆಯ ಖೋ ಖೋ ತಂಡದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. "ಮುಂದಿನ ತಿಂಗಳು ಇನ್ನೊಂದು ಸಲ ಆಯ್ಕೆ ಇದೆಯಂತಲ್ಲ, ಹೋಗು" ಎಂದು ಒಳಗಿನಿಂದಲೇ ಅವಳಮ್ಮ ಕೂಗಿ ಹೇಳಿದಳು.

"ಒಂದ್ಸಲ ಬೇಡ ಅಂದ್ಮೇಲೆ ಮತ್ತೆ ಹೋಗಿ ನಿಂತ್ಕೊಳ್ಳೋಕೆ ನಾಚಿಕೆ ಆಗಲ್ವಾ ತಾತ?" ಎಂದು ಹುಡುಗಿ ನನ್ನನ್ನು ಕೇಳಿದಳು.

ಮಕ್ಕಳೇ, ಈ ಪ್ರಶ್ನೆಗೆ ನನ್ನಲ್ಲಿ ಎರಡು ಉತ್ತರಗಳಿವೆ. ಒಂದು ನನ್ನ ಸೋದರಳಿಯನದು, ಇನ್ನೊಂದು ನನ್ನದು. ನನ್ನದು ಹೇಳಿಕೊಳ್ಳುವಂಥದ್ದಲ್ಲ. ಆದ್ದರಿಂದ ಮೊದಲು ಅವನ ಕಥೆ ಹೇಳುತ್ತೇನೆ.

ನನ್ನ ತಂಗಿಯ ಮಗ ತುಮಕೂರಿನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಮದುವೆಯಾಗಿದೆ, ಒಬ್ಬ ಮಗನಿದ್ದಾನೆ. ಮೂರು ವರ್ಷಗಳ ಹಿಂದೆ, ಅವನಿಗೆ ಮೂವತ್ತಾರಾಗಿದ್ದಾಗ, ಒಂದು ದಿನ ಬಂದು "ಮಾವ, ಟೆರಿಟೋರಿಯಲ್ ಆರ್ಮಿಗೆ ಅರ್ಜಿ ಹಾಕಿದೀನಿ" ಎಂದ. ನನ್ನ ತಂಗಿ ತಲೆಯ ಮೇಲೆ ಕೈ ಹೊತ್ತು ಕುಳಿತಳು. "ಇರೋ ಕೆಲಸ ಬಿಟ್ಟು ಈ ವಯಸ್ಸಲ್ಲಿ ಗಡಿಗೆ ಹೋಗ್ತಾನಂತೆ!"

ಕೆಲಸ ಬಿಡುವ ಮಾತೇ ಇಲ್ಲ ಎಂದು ಅವಳಿಗೆ ತಿಳಿಸಲು ನಮಗೆ ಎರಡು ಕಾಫಿ ಹೊತ್ತು ಬೇಕಾಯಿತು. ಟೆರಿಟೋರಿಯಲ್ ಆರ್ಮಿ, ಅಂದರೆ ಪ್ರಾದೇಶಿಕ ಸೇನೆ, ನಾಗರಿಕರ ಸೇನೆ. 1948ರಲ್ಲಿ ಅದಕ್ಕೊಂದು ಕಾಯ್ದೆಯಾಯಿತು. 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ರಾಜಾಜಿಯವರು ಅದನ್ನು ಉದ್ಘಾಟಿಸಿದರು. ಅದಕ್ಕೇ ಪ್ರತಿವರ್ಷ ಆ ದಿನವನ್ನು ಪ್ರಾದೇಶಿಕ ಸೇನಾ ದಿನವಾಗಿ ಆಚರಿಸುತ್ತಾರೆ. ಇದಕ್ಕೆ ಅಧಿಕಾರಿಯಾಗಿ ಸೇರಬೇಕಾದರೆ ಪದವೀಧರರಾಗಿರಬೇಕು, ವಯಸ್ಸು 18ರಿಂದ 42ರ ಒಳಗಿರಬೇಕು, ಜೊತೆಗೆ ಹೊಟ್ಟೆಪಾಡಿಗೆ ಬೇರೊಂದು ಕೆಲಸ ಇರಲೇಬೇಕು. ಕೆಲಸವಿಲ್ಲದವರಿಗೆ ಕೆಲಸ ಕೊಡುವ ಜಾಗ ಇದಲ್ಲ. ಕೆಲಸವಿರುವವರು ವರ್ಷದಲ್ಲಿ ಒಂದಷ್ಟು ಕಾಲ ಸಮವಸ್ತ್ರ ತೊಟ್ಟು ತರಬೇತಿ ಪಡೆಯುತ್ತಾರೆ, ದೇಶ ಕರೆದಾಗ ಹೋಗುತ್ತಾರೆ. 1962, 1965, 1971ರ ಯುದ್ಧಗಳಲ್ಲಿ ಇವರೂ ಇದ್ದರು. ಗಿಡ ನೆಡುವ ಪಡೆಗಳೂ ಇವರಲ್ಲಿವೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಸುಣ್ಣಕಲ್ಲಿನ ಗಣಿಗಳಿಂದ ಬೋಳಾಗಿದ್ದ ಮಸ್ಸೂರಿಯ ಬೆಟ್ಟಗಳನ್ನು ಮತ್ತೆ ಹಸಿರು ಮಾಡಿದ್ದು 1982ರಲ್ಲಿ ಕಟ್ಟಿದ ಅಂಥ ಒಂದು ಪಡೆಯೇ.

"ಧೋನಿ ಇರೋದು ಅದರಲ್ಲೇ ಅಲ್ವಾ?" ಎಂದು ಮೊಮ್ಮಗಳು ನಡುವೆ ಬಾಯಿ ಹಾಕಿದಳು. ಹೌದು. ಅವರಿಗೆ 2011ರಲ್ಲಿ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟರು, ಅದಕ್ಕೂ ಮೊದಲು 2008ರಲ್ಲಿ ಕಪಿಲ್ ದೇವ್ ಅವರಿಗೆ. ಅವು ಗೌರವಕ್ಕೆ ಕೊಟ್ಟ ಪದವಿಗಳು. ನಮ್ಮ ಹುಡುಗನಂಥವರು ಬಾಗಿಲಲ್ಲಿ ಸರದಿ ನಿಂತೇ ಹೋಗಬೇಕು.

ಸರದಿಯೋ ಬಹಳ ಉದ್ದ. ಮೊದಲು ಲಿಖಿತ ಪರೀಕ್ಷೆ: ತರ್ಕ, ಲೆಕ್ಕ, ಸಾಮಾನ್ಯ ಜ್ಞಾನ, ಇಂಗ್ಲಿಷ್. ಆಮೇಲೆ ಪ್ರಾಥಮಿಕ ಸಂದರ್ಶನ. ಅದನ್ನೂ ದಾಟಿದರೆ ಎಸ್‌ಎಸ್‌ಬಿ ಎಂಬ ಆಯ್ಕೆ ಮಂಡಳಿಯ ಮುಂದೆ ಐದು ದಿನ. ಅಲ್ಲಿ ಹೋದವರಿಗೆ ಹೆಸರಿಲ್ಲ, ಎದೆಯ ಮೇಲೊಂದು ನಂಬರು ಮಾತ್ರ. ಮಬ್ಬಾದ ಚಿತ್ರವೊಂದನ್ನು ಅರ್ಧ ನಿಮಿಷ ತೋರಿಸಿ ನಾಲ್ಕು ನಿಮಿಷದಲ್ಲಿ ಕಥೆ ಬರೆ ಎನ್ನುತ್ತಾರೆ. ಹದಿನೈದು ಸೆಕೆಂಡಿಗೊಂದರಂತೆ ಅರವತ್ತು ಪದಗಳನ್ನು ತೋರಿಸಿ, ಪ್ರತಿಯೊಂದಕ್ಕೂ ಹೊಳೆದದ್ದನ್ನು ಒಂದು ವಾಕ್ಯದಲ್ಲಿ ಬರೆಸುತ್ತಾರೆ. ಬಯಲಿನಲ್ಲಿ ಹಲಗೆ, ಹಗ್ಗ, ಮರದ ದಿಮ್ಮಿ ಕೊಟ್ಟು ಎಲ್ಲರೂ ಸೇರಿ ಅಡೆತಡೆ ದಾಟಿ ಎನ್ನುತ್ತಾರೆ. ಮನಶ್ಶಾಸ್ತ್ರದವರು, ಬಯಲಿನ ಅಧಿಕಾರಿ, ಸಂದರ್ಶನ ಮಾಡುವವರು ಬೇರೆ ಬೇರೆಯಾಗಿ ನೋಡಿ, ಕೊನೆಯ ದಿನ ಒಟ್ಟಿಗೆ ಕುಳಿತು ತೀರ್ಮಾನಿಸುತ್ತಾರೆ.

ಬೆಂಗಳೂರಿನ ಆಯ್ಕೆ ಕೇಂದ್ರದಲ್ಲಿ ಐದನೆಯ ದಿನ ನಂಬರುಗಳನ್ನು ಓದಿದರು. ಇವನ ನಂಬರು ಬರಲಿಲ್ಲ. ಯಾಕೆ ಎಂದು ಹೇಳುವ ಪದ್ಧತಿ ಅಲ್ಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು ಬಸ್ ಹತ್ತಿ ತುಮಕೂರಿಗೆ ಬಂದ. ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಹೋಗಿದ್ದನಲ್ಲ, ಮಾರನೆಯ ದಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಪ್ರೀತಿಯಿಂದಲೇ ಸೆಲ್ಯೂಟ್ ಹೊಡೆದನಂತೆ. "ಮಾವ, ಆ ಸೆಲ್ಯೂಟು ತಡ್ಕೊಳ್ಳೋಕಾಗ್ಲಿಲ್ಲ" ಎಂದು ಫೋನಿನಲ್ಲಿ ಹೇಳಿದ. ಆಮೇಲೆ ಮೂರು ವಾರ ಫೋನೇ ಇಲ್ಲ.

ಮೂರು ವಾರದ ಮೇಲೆ ಬಂದಾಗ ಅವನು ಕೇಳಿದ್ದು ಒಂದೇ ಮಾತು: "ಮತ್ತೆ ಹಾಕ್ಲಾ, ಬಿಡ್ಲಾ?"

ಸೇನೆಯ ವಿಷಯ ನನಗೇನು ಗೊತ್ತು? ನನಗೆ ಗೊತ್ತಿದ್ದದ್ದು ಬ್ಯಾಂಕು. ಮೂವತ್ನಾಲ್ಕು ವರ್ಷದಲ್ಲಿ ಬಹುಪಾಲು ಕಳೆದದ್ದು ಕ್ಲಿಯರಿಂಗ್ ಮೇಜಿನಲ್ಲಿ. ಅವನಿಗೆ ಚೆಕ್ಕಿನ ಕಥೆ ಹೇಳಿದೆ.

ಚೆಕ್ಕೊಂದು ಪಾಸಾಗದಿದ್ದರೆ ಬ್ಯಾಂಕು ಅದನ್ನು ಹರಿದು ಬಿಸಾಡುವುದಿಲ್ಲ. ರಿಟರ್ನ್ ಮೆಮೊ ಎಂಬ ಸಣ್ಣ ಚೀಟಿ ಲಗತ್ತಿಸಿ ವಾಪಸ್ ಕೊಡುತ್ತದೆ. ಅದರಲ್ಲಿ ಕಾರಣ ಇರುತ್ತದೆ: ಖಾತೆಯಲ್ಲಿ ಹಣ ಸಾಲದು, ಸಹಿ ಹೊಂದುತ್ತಿಲ್ಲ, ಅಂಕಿಗೂ ಅಕ್ಷರಕ್ಕೂ ತಾಳೆಯಿಲ್ಲ. ಕಾರಣ ಸರಿಪಡಿಸಿಕೊಂಡು ಮತ್ತೆ ತಂದು ಹಾಕಬಹುದು. ಸರಿಪಡಿಸದೆ ಅದನ್ನೇ ನಾಳೆ ಮತ್ತೆ ಹಾಕಿದರೆ ಮತ್ತೆ ವಾಪಸು, ಮೇಲೆ ದಂಡ ಬೇರೆ. ಇನ್ನೊಂದು ಮಾತು. ಚೆಕ್ಕಿಗೆ ಆಯುಸ್ಸು ಇದೆ. ನಮ್ಮ ಕಾಲದಲ್ಲಿ ಆರು ತಿಂಗಳಿತ್ತು, 2012ರ ಏಪ್ರಿಲ್‌ನಿಂದ ಮೂರೇ ತಿಂಗಳು. ಅದು ಕಳೆದರೆ ಖಾತೆಯಲ್ಲಿ ಕೋಟಿ ಇದ್ದರೂ ಅದು ಬರೀ ಕಾಗದ.

"ನಿನ್ನ ಚೆಕ್ಕಿಗೆ ನಲವತ್ತೆರಡು ವರ್ಷದವರೆಗೆ ಆಯುಸ್ಸಿದೆ. ಆದರೆ ನಿನ್ನ ಮಂಡಳಿಯವರು ಮೆಮೊ ಕೊಟ್ಟಿಲ್ಲ. ಅದನ್ನ ನೀನೇ ಬರ್ಕೋಬೇಕು. ಸುಳ್ಳು ಬರೀಬೇಡ" ಎಂದೆ.

ಮೊದಲು ಅವನು ಬರೆದದ್ದನ್ನು ಓದಿ ನನಗೆ ನಗು ಬಂತು. "ಗುಂಪಿನಲ್ಲಿ ಬೇರೆಯವರು ಮಾತಾಡಲು ಬಿಡಲಿಲ್ಲ. ಆ ದಿನ ಜ್ವರದ ಹಾಗಿತ್ತು. ಬಹಳ ಜನ ಕೋಚಿಂಗ್ ಪಡೆದಿದ್ದರು." ಇದು ಖಾತೆದಾರ ಹೇಳುವ ಕಾರಣ, ಬ್ಯಾಂಕಿನದ್ದಲ್ಲ ಎಂದು ಹಾಳೆ ವಾಪಸ್ ಕೊಟ್ಟೆ. ಮುಖ ಸಣ್ಣ ಮಾಡಿಕೊಂಡು ಹೋದ.

ಮುಂದಿನ ಸಲ ಬಂದಾಗ ಹಾಳೆಯಲ್ಲಿ ಮೂರೇ ಸಾಲುಗಳಿದ್ದವು. ಒಂದು, ಗುಂಪು ಚರ್ಚೆಯಲ್ಲಿ ಮೊದಲು ಮಾತಾಡಿದೆ, ಜೋರಾಗಿ ಮಾತಾಡಿದೆ, ಯಾರ ಮಾತನ್ನೂ ಕೇಳಲಿಲ್ಲ. ಎರಡು, ಮೂರು ನಿಮಿಷದಲ್ಲಿ ಹತ್ತು ಅಡೆತಡೆ ದಾಟಬೇಕಿತ್ತು, ನಾಲ್ಕನೆಯದಕ್ಕೇ ಉಸಿರು ಹೋಯಿತು. ಮೂರು, ಸಂದರ್ಶನದಲ್ಲಿ ನನ್ನ ಊರಿನ ಬಗ್ಗೆ ಕೇಳಿದರು, ಹತ್ತು ವರ್ಷದಿಂದ ತುಮಕೂರಿನಲ್ಲಿದ್ದೂ ತಿಪಟೂರಿನ ಕೊಬ್ಬರಿ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಮೂರನೆಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಮಾತಿತ್ತು: "ನಾಯಕತ್ವದ ಗುಣ ಇದೆ ಅಂದೆ. ಒಂದು ಉದಾಹರಣೆ ಕೊಡಿ ಅಂದರು. ನನ್ನ ಹತ್ತಿರ ಇರಲಿಲ್ಲ."

ಅದು ನಿಜವಾದ ಮೆಮೊ.

ಆಮೇಲಿನ ಎರಡು ವರ್ಷ ಅವನು ಮಾಡಿದ್ದು ದೊಡ್ಡ ಸಾಹಸವೇನಲ್ಲ. ಬೆಳಗ್ಗೆ ಐದಕ್ಕೆ ಎದ್ದು ಓಡಿದ. ಮೊದಲ ತಿಂಗಳು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಕಾರ್ಖಾನೆಯಲ್ಲಿ ಅಗ್ನಿ ಸುರಕ್ಷತಾ ತಂಡಕ್ಕೆ ಯಾರೂ ಮುಂದೆ ಬರುತ್ತಿರಲಿಲ್ಲ, ಇವನು ಹೆಸರು ಕೊಟ್ಟ. ಪ್ರಥಮ ಚಿಕಿತ್ಸೆ ಕಲಿತ. ಮೂರು ಪಾಳಿಯ ಕೆಲಸಗಾರರನ್ನು ಒಟ್ಟು ಸೇರಿಸಿ ಅಣಕು ಕಾರ್ಯಾಚರಣೆ ಮಾಡಿಸುವಾಗ, ಜೋರಾಗಿ ಕೂಗಿದರೆ ಜನ ಬರುವುದಿಲ್ಲ, ಕ್ಯಾಂಟೀನಿನಲ್ಲಿ ಪಕ್ಕ ಕುಳಿತು ಕೇಳಿದರೆ ಬರುತ್ತಾರೆ ಎಂದು ತಿಳಿಯಿತಂತೆ. ಒಂದು ಹರಾಜಿನ ದಿನ ರಜೆ ಹಾಕಿ ತಿಪಟೂರು ಮಾರುಕಟ್ಟೆಗೆ ಹೋದ. ಅಲ್ಲಿನ ಉಂಡೆ ಕೊಬ್ಬರಿ ಹೆಚ್ಚಾಗಿ ಉತ್ತರ ಭಾರತಕ್ಕೆ ಹೋಗುತ್ತದೆ ಎಂದು ವ್ಯಾಪಾರಿಗಳ ಬಾಯಿಂದಲೇ ಕೇಳಿಕೊಂಡು, ನನ್ನ ತಂಗಿಗೆ ಎರಡು ಕಿಲೋ ಕೊಬ್ಬರಿಯನ್ನೂ ತಂದ. ಅಂದಿನಿಂದ ಅವಳ ವಿರೋಧ ಸ್ವಲ್ಪ ಕಡಿಮೆಯಾಯಿತು.

ಮತ್ತೆ ಪ್ರಕಟಣೆ ಬಂತು. ಹಳೆಯ ಅಂಕಗಳು ಲೆಕ್ಕಕ್ಕಿಲ್ಲ, ಮೊದಲಿನಿಂದ ಬರೆಯಬೇಕು. ಬರೆದ, ಪಾಸಾದ, ಮತ್ತೆ ಐದು ದಿನಕ್ಕೆ ಹೋದ. ಹಿಂದೆ ಬಂದಿದ್ದೀರಾ ಎಂದು ಅಲ್ಲಿ ಮರೆಮಾಚದೆ ಹೇಳಬೇಕು. ಸಂದರ್ಶನದಲ್ಲಿ ಕೇಳಿದರಂತೆ, ಕಳೆದ ಸಲ ಯಾಕೆ ಆಗಲಿಲ್ಲ ಅನಿಸುತ್ತದೆ, ಅಲ್ಲಿಂದೀಚೆಗೆ ಏನು ಮಾಡಿದಿರಿ ಎಂದು. ಇವನು ಆ ಮೂರು ಸಾಲನ್ನೇ ಹೇಳಿದ. ಪೆನ್ಸಿಲಿನ ಸಾಲನ್ನೂ ಹೇಳಿದ.

ಐದನೆಯ ದಿನ ಓದಿದ ನಂಬರುಗಳಲ್ಲಿ ಇವನದೂ ಇತ್ತು.

ಕಥೆ ಮುಗಿಯಿತು ಎಂದುಕೊಳ್ಳಬೇಡಿ. ವೈದ್ಯಕೀಯ ಪರೀಕ್ಷೆ ಆಗಿದೆ, ಅಂತಿಮ ಅರ್ಹತಾ ಪಟ್ಟಿ ಬಂದಿಲ್ಲ. ಹುದ್ದೆಗಳು ಕೆಲವೇ. ಪಟ್ಟಿಯಲ್ಲಿ ಹೆಸರು ಬರದೆಯೂ ಇರಬಹುದು. "ಬರ್ಲಿಲ್ಲ ಅಂದ್ರೆ?" ಎಂದು ನಾನೇ ಕೇಳಿದೆ. "ಮೂವತ್ತೊಂಬತ್ತಲ್ವಾ ಮಾವ, ಆಯುಸ್ಸು ಇನ್ನೂ ಇದೆ" ಎಂದು ನಕ್ಕ.

ಮತ್ತೆ ಮತ್ತೆ ಹಾಕುವುದೊಂದೇ ದಾರಿ ಎಂದು ನಾನು ಹೇಳಲಾರೆ. ಅಬ್ದುಲ್ ಕಲಾಂ ಅವರು ವಾಯುಪಡೆ ಸೇರಲು ಡೆಹ್ರಾಡೂನಿಗೆ ಹೋಗಿದ್ದರು. ಎಂಟು ಜಾಗ, ಇಪ್ಪತ್ತೈದು ಜನ, ಇವರು ಒಂಬತ್ತನೆಯವರು. ಅವರು ಆ ದಾರಿ ಬಿಟ್ಟು ಇನ್ನೊಂದು ದಾರಿಯಲ್ಲಿ ನಡೆದರು. ಬಿಡುವುದೂ ಒಂದು ತೀರ್ಮಾನವೇ. ಆದರೆ ಲೆಕ್ಕ ನೋಡಿ ಬಿಡುವುದು ಬೇರೆ, ನಾಚಿಕೆಗೆ ಬಿಡುವುದು ಬೇರೆ.

ಇಲ್ಲಿ ನನ್ನ ಕಥೆ ಬರುತ್ತದೆ. ನನ್ನ ವಯಸ್ಸಿನ ಓದುಗರಿಗೆ ಇದು ಅರ್ಥವಾಗುತ್ತದೆ. ಮೂವತ್ತೆರಡನೆಯ ವಯಸ್ಸಿನಲ್ಲಿ ನಾನು ಗುಮಾಸ್ತಗಿರಿಯಿಂದ ಆಫೀಸರ್ ಆಗುವ ಬಡ್ತಿ ಪರೀಕ್ಷೆಗೆ ಕುಳಿತೆ. ಲಿಖಿತದಲ್ಲಿ ಪಾಸು, ಸಂದರ್ಶನದಲ್ಲಿ ಇಲ್ಲ. ನನ್ನ ಜೊತೆ ಕುಳಿತವರಿಬ್ಬರು ಆಫೀಸರಾದರು. ಮುಂದೆ ಎಷ್ಟೋ ಸಲ ಅದೇ ಸುತ್ತೋಲೆ ನನ್ನ ಮೇಜಿನ ಮೇಲೆ ಬಂತು, ಪ್ರತಿ ಸಲವೂ ಸಹಿ ಹಾಕಿ ಮುಂದಿನವರಿಗೆ ದಾಟಿಸಿದೆ. ಯಾರಾದರೂ ಕೇಳಿದರೆ "ವರ್ಗಾವಣೆ ಯಾರಿಗೆ ಬೇಕಪ್ಪಾ, ಮಕ್ಕಳ ಓದಿದೆ" ಎನ್ನುತ್ತಿದ್ದೆ. ಮನೆಯಲ್ಲೂ ಅದನ್ನೇ ಹೇಳಿದೆ. ವರ್ಗಾವಣೆಗೆ ಹೆದರಿದವರು ನಿಜವಾಗಿಯೂ ಇದ್ದರು, ಅವರದು ತಪ್ಪಲ್ಲ. ನಾನು ಹೆದರಿದ್ದು ವರ್ಗಾವಣೆಗಲ್ಲ. ಆ ಕೋಣೆಯ ಬಾಗಿಲನ್ನು ಮತ್ತೆ ತಳ್ಳಬೇಕಲ್ಲ, ಅದಕ್ಕೆ. ಗುಮಾಸ್ತನಾಗಿ ನಿವೃತ್ತನಾದದ್ದಕ್ಕೆ ನನಗೆ ಬೇಸರವಿಲ್ಲ, ಅದು ಮರ್ಯಾದೆಯ ಕೆಲಸ. ಬೇಸರ ಇರುವುದು ಆ ಸುಳ್ಳು ಮೆಮೊಗೆ.

ಇದನ್ನು ನಾನು ಮೊದಲ ಸಲ ಹೇಳಿದ್ದು ಸೋದರಳಿಯನ ಹಾಳೆ ವಾಪಸ್ ಕೊಟ್ಟ ದಿನ, ಅವನೊಬ್ಬನಿಗೇ. ಎರಡನೆಯ ಸಲ ಹೇಳಿದ್ದು ಮೊನ್ನೆ ಭಾನುವಾರ, ಜಗಲಿಯಲ್ಲಿ. ಒಳಗೆ ಪಾತ್ರೆ ಸದ್ದು ನಿಂತಿತ್ತು. ನನ್ನ ಮಗಳು ಬಾಗಿಲ ಬಳಿ ಬಂದು ನಿಂತಿದ್ದಳು, ಏನೂ ಹೇಳಲಿಲ್ಲ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗೀರು ಆ ಸೇನೆಗೆ ಹೋಗಬಹುದಾ?" ಎಂದು ಕೇಳಿದಳು. ಹೋಗಬಹುದು. ಮೊದಲು ಆಗುತ್ತಿರಲಿಲ್ಲ. 2018ರಲ್ಲಿ ದೆಹಲಿ ಹೈಕೋರ್ಟು ಮಹಿಳೆಯರಿಗೂ ಅವಕಾಶವಿದೆ ಎಂದು ತೀರ್ಪು ಕೊಟ್ಟಿತು. "ಸರಿ" ಎಂದು ಎದ್ದು ಹೋದಳು.

ರಾತ್ರಿ ನನ್ನ ಕನ್ನಡಕದ ಡಬ್ಬಿಯ ಕೆಳಗೆ ಒಂದು ಚೀಟಿ ಇತ್ತು. "ರಿಟರ್ನ್ ಮೆಮೊ. 1) ಓಡುವಾಗ ಹಿಂದೆ ತಿರುಗಿ ನೋಡ್ತೀನಿ. 2) ಕಂಬ ಸುತ್ತುವಾಗ ನಿಧಾನ. 3) ಔಟ್ ಆದ್ರೆ ಜಗಳ ಆಡ್ತೀನಿ." ಕೆಳಗೆ ಸಣ್ಣದಾಗಿ: "ನಾಳೆ ಬೆಳಗ್ಗೆ ಆರಕ್ಕೆ ಎಬ್ಬಿಸು ತಾತ."

ಎಬ್ಬಿಸಿದೆ. ಆರೂಕಾಲಿಗೆ ಎದ್ದಳು.