ಬಾಯಿ ಮಾತ್ರ ಆಡಿಸು ಎಂದಿದ್ದೆ



ಕಳೆದ ವಾರ ನೆರೆಮನೆಯ ಹುಡುಗಿ ಒಂದು ಹಾಳೆ ಹಿಡಿದುಕೊಂಡು ಬಂದಳು. ಆರನೆಯ ತರಗತಿಯವಳು. ಅವಳ ಶಾಲೆಯಲ್ಲಿ ‘ಕೋರಲ್ ರೆಸಿಟೇಶನ್’ ಸ್ಪರ್ಧೆಯಂತೆ. ಇಪ್ಪತ್ತು ಮಕ್ಕಳು ಸಾಲಾಗಿ ನಿಂತು ಒಂದೇ ಪದ್ಯವನ್ನು ಒಕ್ಕೊರಲಿನಿಂದ ಹೇಳಬೇಕು; ಹಾಡುವಂತಿಲ್ಲ, ಮಾತಿನ ಲಯದಲ್ಲಿಯೇ ನುಡಿಯಬೇಕು. “ಅಜ್ಜಾ, ಉಚ್ಚಾರ ಸರಿ ಉಂಟಾ ನೋಡಿ” ಎಂದಳು. ಹೇಳಿಸಿದೆ, ಚೆನ್ನಾಗಿಯೇ ಹೇಳಿದಳು. ಹೊರಡುವಾಗ ಒಂದು ಮಾತು ಸೇರಿಸಿದಳು: “ನಮ್ಮ ಕ್ಲಾಸಿನ ಒಬ್ಬನಿಗೆ ಟೀಚರ್ ಬರೀ ಬಾಯಿ ಆಡಿಸು ಅಂತ ಹೇಳಿದ್ದಾರೆ. ಅವನ ಸ್ವರ ಎಲ್ಲರದ್ದರ ಜೊತೆ ಸೇರುವುದಿಲ್ಲವಂತೆ.”

ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಅದೇ ಮಾತನ್ನು ನಾನೂ ಒಮ್ಮೆ ಆಡಿದ್ದೆ.

ಅದು 1986ರ ಮಾತು. ಅಂತರಶಾಲಾ ಸಮೂಹ ವಾಚನ ಸ್ಪರ್ಧೆಗೆ ನಾನು ಆರಿಸಿದ್ದು ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’. ನಮ್ಮ ಕರಾವಳಿಯ ಮಕ್ಕಳಿಗೆ ಆ ಗಾಳಿಯನ್ನು ವಿವರಿಸಿ ಹೇಳಬೇಕಾದ ಅಗತ್ಯವಿರಲಿಲ್ಲ. ಪ್ರತಿ ಮಳೆಗಾಲವೂ ಅದು ಅವರ ಮನೆಯ ಹೆಂಚುಗಳನ್ನು ಅಲುಗಿಸುತ್ತಿತ್ತು. ದೂರದ ಸದ್ದಿನಿಂದ ಮೊದಲಾಗಿ ಬರಬರುತ್ತ ಅಬ್ಬರಿಸುವ ಆ ಪದ್ಯಕ್ಕೆ ಇಪ್ಪತ್ತನಾಲ್ಕು ಕೊರಳು ಬೇಕಿದ್ದವು. ಇಪ್ಪತ್ತಮೂರು ಸಿಕ್ಕಿದವು. ಇಪ್ಪತ್ತನಾಲ್ಕನೆಯವನಾಗಿ ತಾನೇ ಕೈಯೆತ್ತಿದ ಹುಡುಗನಿಗೆ ಉಗ್ಗು ಇತ್ತು. ಅವನ ಹೆಸರನ್ನು ಬರೆಯುವುದಿಲ್ಲ. ಆ ತಂಡದಲ್ಲಿದ್ದವರಿಗೆ ನೆನಪಿದ್ದೀತು.

ತರಗತಿಯಲ್ಲಿ ಅವನು ಎದ್ದು ಓದುವಾಗ ಮೊದಲ ಅಕ್ಷರದಲ್ಲಿಯೇ ತಡೆದು ನಿಲ್ಲುತ್ತಿದ್ದುದನ್ನು ನಾನು ಕಂಡಿದ್ದೆ. ಆದ್ದರಿಂದ ಎಲ್ಲರ ಜೊತೆ ಒಂದು ದಿನವೂ ಹೇಳಿಸಿ ನೋಡದೆ, ಹಿಂದಿನ ಸಾಲಿನಲ್ಲಿ ನಿಲ್ಲಿಸಿ, “ನೀನು ಬಾಯಿ ಮಾತ್ರ ಆಡಿಸು, ಸ್ವರ ಬೇಡ” ಎಂದೆ. ಅವನು ತಲೆಯಾಡಿಸಿದ. ನಮಗೆ ಎರಡನೆಯ ಬಹುಮಾನ ಬಂತು. ಎಲ್ಲರಿಗೂ ಒಂದೊಂದು ಸ್ಟೀಲಿನ ಲೋಟ ಕೊಟ್ಟರು, ಅವನಿಗೂ ಕೊಟ್ಟರು. ನಾನು ಅವನಿಗೆ ಉಪಕಾರವನ್ನೇ ಮಾಡಿದ್ದೇನೆಂದು ನಂಬಿದ್ದೆ.

ಆ ನಂಬಿಕೆ ಮುರಿದದ್ದು ನಿವೃತ್ತಿಯ ಅನಂತರ, 2009ರಲ್ಲಿ. ತಂಗಿಯ ಮೊಮ್ಮಗನಿಗೆ ಉಗ್ಗು ಇದೆಯೆಂದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿದ್ದೆವು. ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ಸಂಸ್ಥೆ ಅದು. ಅಲ್ಲಿನ ತಜ್ಞೆಯೊಬ್ಬರು ಹುಡುಗನಿಗೆ ಒಂದು ಪುಟ ಓದಲು ಕೊಟ್ಟರು. ಸಾಲು ಸಾಲಿಗೂ ತಡೆದ. ಬಳಿಕ ತಾವೂ ಅವನೊಂದಿಗೆ ಅದೇ ಪುಟವನ್ನು ಒಟ್ಟಿಗೆ ಓದತೊಡಗಿದರು. ಹುಡುಗ ನೀರು ಹರಿದಂತೆ ಓದಿದ. ಅವರು ನಿಲ್ಲಿಸಿದೊಡನೆ ಉಗ್ಗು ಮರಳಿತು.

ಇದು ಪವಾಡವಲ್ಲ. ಉಗ್ಗುವವರಲ್ಲಿ ಹೆಚ್ಚಿನವರು ಇನ್ನೊಬ್ಬರ ಸ್ವರದೊಂದಿಗೆ ಸ್ವರ ಸೇರಿಸಿ ನುಡಿಯುವಾಗ ಬಹುಮಟ್ಟಿಗೆ ತಡೆಯಿಲ್ಲದೆ ನುಡಿಯುತ್ತಾರೆ. ವಾಕ್ ವಿಜ್ಞಾನಿಗಳು ಇದನ್ನು 1930ರ ದಶಕದಿಂದಲೇ ಪರಿಶೀಲಿಸುತ್ತ ಬಂದಿದ್ದಾರೆ. ಇದು ಉಗ್ಗಿಗೆ ಮದ್ದಲ್ಲ. ಜೊತೆಯ ಸ್ವರ ನಿಂತರೆ ಗುಣವೂ ನಿಲ್ಲುತ್ತದೆ. ಆದರೆ ಶಾಲೆಯ ಎಲ್ಲ ಸ್ಪರ್ಧೆಗಳಲ್ಲಿ ಆ ಹುಡುಗ ನಿರಾಯಾಸವಾಗಿ ನುಡಿಯಬಹುದಾಗಿದ್ದುದು ಬಹುಶಃ ಈ ಒಂದರಲ್ಲಿಯೇ. ಅದರಲ್ಲಿಯೇ ನಾನು ಅವನ ಬಾಯಿ ಕಟ್ಟಿದ್ದೆ.

ಸಮೂಹ ವಾಚನವನ್ನು ಶಾಲೆಗಳಲ್ಲಿ ಬೆಳೆಸಿದವರಲ್ಲಿ ಸ್ಕಾಟ್ಲೆಂಡಿನ ಮಾರ್ಜೊರಿ ಗಲ್ಲನ್ ಎಂಬ ಶಿಕ್ಷಕಿ ಪ್ರಮುಖರು. 1920ರ ದಶಕದಲ್ಲಿ ಗ್ಲಾಸ್ಗೋ ನಗರದಲ್ಲಿ ಅವರು ಇಂತಹ ತಂಡವನ್ನು ಕಟ್ಟಿದರು. ಈ ಕಲೆಯಲ್ಲಿ ಕೊರಳುಗಳನ್ನು ತೆಳು, ನಡು, ದಪ್ಪ ಎಂದು ವಿಂಗಡಿಸಿ, ಪದ್ಯದ ಭಾವಕ್ಕೆ ತಕ್ಕಂತೆ ಸಾಲುಗಳನ್ನು ಹಂಚುವ ಕ್ರಮವುಂಟು. ಹಾಗಾದರೆ ಒಡಕು ಸ್ವರದ ಹುಡುಗನಿಗೂ ಇಲ್ಲಿ ಸ್ಥಾನವಿದೆ. ಗುಡುಗಿನ ಸಾಲು ಅವನದು. ಬಹಳ ದೂರ ಹೋಗಬೇಕಾಗಿಯೂ ಇಲ್ಲ. ನಾವೆಲ್ಲ ಮಗ್ಗಿ ಕಲಿತದ್ದು ಹೇಗೆ? ಇಡೀ ತರಗತಿ ಒಟ್ಟಿಗೆ ಕೂಗಿ. ಹದಿಮೂರರ ಮಗ್ಗಿಯಲ್ಲಿ ಎಡವಿದವನನ್ನು ಪಕ್ಕದವನ ಸ್ವರ ಎತ್ತಿ ನಿಲ್ಲಿಸುತ್ತಿತ್ತು. ಅಲ್ಲಿ ಯಾರಿಗೂ “ಬಾಯಿ ಮಾತ್ರ ಆಡಿಸು” ಎನ್ನುವವರಿರಲಿಲ್ಲ, ಏಕೆಂದರೆ ಅಲ್ಲಿ ಬಹುಮಾನವಿರಲಿಲ್ಲ.

ಸ್ಪರ್ಧೆಯೆಂದ ಮೇಲೆ ಆಯ್ಕೆ ಬೇಡವೇ, ಒಬ್ಬನಿಂದಾಗಿ ಉಳಿದವರ ಶ್ರಮ ವ್ಯರ್ಥವಾಗಬೇಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ತೀರ್ಪುಗಾರರ ಮುಂದೆ ನಿಂತ ಇಪ್ಪತ್ತಮೂರು ಮಕ್ಕಳ ಮುಖ ನನಗೂ ನೆನಪಿದೆ. ಆದರೆ ಹೇಳಿಸಿ ನೋಡದೆಯೇ ಮೌನವಾಗಿಸುವುದು ಆಯ್ಕೆಯಲ್ಲ. ತಂಡಕ್ಕೆ ತೆಗೆದುಕೊಳ್ಳದಿದ್ದರೂ ಮಗು ಸಹಿಸೀತು. ವೇದಿಕೆಯ ಮೇಲೆ ನಿಲ್ಲಿಸಿ ಸುಳ್ಳು ಬಾಯಿ ಆಡಿಸುವುದು ಮಾತ್ರ ಅದಕ್ಕೆ ಎರಡು ಪಾಠ ಕಲಿಸುತ್ತದೆ: ನಿನ್ನ ಸ್ವರ ಬೇಡ, ಮತ್ತು ನಟಿಸಿದರೆ ಲೋಟ ಸಿಗುತ್ತದೆ. ಎರಡನ್ನೂ ಕಲಿಸಲು ನನಗೆ ಸಂಬಳ ಕೊಟ್ಟಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಆ ಹುಡುಗ ಮಗಳ ಮದುವೆಯ ಕಾಗದ ಕೊಡಲು ಮನೆಗೆ ಬಂದಿದ್ದ. ಹುಡುಗನೆಂದೆ, ತಲೆ ನರೆತಿದೆ. ಮಾತು ಈಗಲೂ ಅಲ್ಲಲ್ಲಿ ತಡೆಯುತ್ತದೆ, ಅವನು ಅವಸರಪಡುವುದಿಲ್ಲ. ನಾನು ಅಂದಿನ ವಿಷಯವೆತ್ತಿ ಕ್ಷಮೆ ಕೇಳಿದೆ. ಅವನು ನಕ್ಕ. “ಇಡೀ ಪದ್ಯ ಬಾಯಿಪಾಠ ಇತ್ತು ಸಾರ್. ಸ್ಪರ್ಧೆ ಮುಗಿಸಿ ಬಂದ ದಿನ ಹಟ್ಟಿಗೆ ಹೋಗಿ ದನಗಳ ಎದುರು ಗಟ್ಟಿಯಾಗಿ ಹೇಳಿದೆ. ಒಂದು ಕಡೆಯೂ ನಿಲ್ಲಲಿಲ್ಲ.” ನನ್ನ ಬಳಿ ಉತ್ತರವಿರಲಿಲ್ಲ. ನನ್ನ ಹೆಂಡತಿ ಕಾಫಿ ತಂದಿಟ್ಟಳು. ಮಾತು ಮದುವೆಯ ಕಡೆಗೆ ತಿರುಗಿತು.

ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಹಲವರಿದ್ದೀರಿ. ಒಂದೇ ಕೋರಿಕೆ. ಸಮೂಹ ವಾಚನಕ್ಕೆ ತಂಡ ಕಟ್ಟುವಾಗ ಮೊದಲ ವಾರ ಇಡೀ ತರಗತಿಗೆ ಒಟ್ಟಿಗೆ ಹೇಳಿಸಿ. ಯಾರನ್ನು ಬಿಡಬೇಕೆಂದು ಆಮೇಲೆ ಯೋಚಿಸಿ. ಬಹುಶಃ ಬಿಡಬೇಕಾಗಿ ಬರುವುದಿಲ್ಲ.

ಮರುದಿನ ನೆರೆಮನೆಯ ಹುಡುಗಿಯ ಕೈಯಲ್ಲಿ ಅವಳ ಟೀಚರಿಗೆ ಒಂದು ಕಾಗದ ಕೊಟ್ಟು ಕಳಿಸಿದೆ. ಉಪದೇಶವೇನೂ ಇರಲಿಲ್ಲ, ನನ್ನ ತಪ್ಪನ್ನಷ್ಟೇ ಬರೆದಿದ್ದೆ. ಸ್ಪರ್ಧೆ ಬರುವ ಶನಿವಾರ. ಆ ಹುಡುಗನಿಗೆ ಹೇಳಲು ಬಿಟ್ಟರೇ ಎಂದು ಸಂಜೆ ಅವಳನ್ನು ಕೇಳಬೇಕು.