ನೀರು ಕೇಳದ ಮನಿ ಪ್ಲಾಂಟ್

ಮರಾಠಿಯಲ್ಲಿ ಹೂವಿನ ಕುಂಡಕ್ಕೆ ಏನೆನ್ನುತ್ತಾರೆಂದು ಮುಂಬಯಿ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಇಲ್ಲಿಗೆ ಬಂದು 15 ವರ್ಷವಾದರೂ ಅಂಗಡಿಯಲ್ಲಿ ‘ಏಕ್ ಕುಂಡಿ ದ್ಯಾ’ ಎಂದು ಕೇಳುವಾಗ ನನಗೆ ನಗು ತಡೆಯುವುದಿಲ್ಲ. ಈಗ ಹಾಗೆ ಕೇಳುವ ಪ್ರಸಂಗವೇ ಬರುತ್ತಿಲ್ಲ. ಗಿಡ ಸಾಕುವುದನ್ನು ಬಿಟ್ಟು ಗಿಡ ಮಾಡುವುದಕ್ಕೆ ಶುರುಮಾಡಿದ್ದೇನೆ.

ಡೊಂಬಿವಲಿಯಲ್ಲಿ ನಮ್ಮದು ನೆಲಮಹಡಿಯ ಬಾಡಿಗೆ ಮನೆ. ಹಾಲ್‌ನ ಕಿಟಕಿ ತೆರೆದರೆ ಪಕ್ಕದ ಬಿಲ್ಡಿಂಗಿನ ಗೋಡೆ. 11 ತಿಂಗಳ ಅಗ್ರಿಮೆಂಟ್ ಮುಗಿಯುತ್ತ ಬಂದಂತೆ ಗಂಟುಮೂಟೆ ಕಟ್ಟುವ ಭಯ ಬೇರೆ. ನನ್ನ ಗಿಡಗಳಲ್ಲಿ ಕೆಲವು ಟೆಂಪೋದಲ್ಲಿ ಮುರಿದವು, ಕೆಲವು ನಾವು ಮೇ ತಿಂಗಳಲ್ಲಿ ಊರಿಗೆ ಹೋದಾಗ ಒಣಗಿದವು. ಐದನೆಯದನ್ನು ಕಸದ ಡಬ್ಬಿಗೆ ಹಾಕಿದ ದಿನ, ಜೀವ ಇರುವುದನ್ನು ತಂದು ಕೊಲ್ಲುವುದು ಇನ್ನು ಸಾಕು ಅನಿಸಿತು. ಶೋರೂಮಿನಲ್ಲಿ ಪ್ಲಾಸ್ಟಿಕ್ ಮನಿ ಪ್ಲಾಂಟಿನ ಬೆಲೆ ಕೇಳಿದೆ. 700 ರೂಪಾಯಿ! ಎಲೆಗಳೆಲ್ಲ ಒಂದೇ ಅಚ್ಚಿನವು, ಎಣ್ಣೆ ಸವರಿದಂತೆ ಹೊಳಪು. ಮನೆಗೆ ಬಂದು ಕತ್ತರಿ ಹಿಡಿದೆ.

ಬೇಕಾದದ್ದು ಹೆಚ್ಚೇನಿಲ್ಲ. ಗಟ್ಟಿಯಾದ ಹಸಿರು ಕಾಗದ, 24 ಗೇಜಿನ ಸಣ್ಣ ತಂತಿ, ಬಳ್ಳಿಗೆ 16 ಗೇಜಿನ ದಪ್ಪ ತಂತಿ, ಹಸಿರು ಫ್ಲೋರಲ್ ಟೇಪ್, ಫೆವಿಕಾಲ್. ಕ್ರಾಫರ್ಡ್ ಮಾರ್ಕೆಟ್ ಕಡೆ ಹೋದರೆ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಎಲ್ಲವೂ ಒಟ್ಟಿಗೇ ಸಿಗುತ್ತವೆ. ನನಗೆ 200 ರೂಪಾಯಿಯೊಳಗೆ ಮುಗಿಯಿತು, ಎರಡನೇ ಗಿಡಕ್ಕಾಗುವಷ್ಟು ಉಳಿಯಿತು ಕೂಡ. ಎಲೆಯನ್ನು 2, 3 ಮತ್ತು 4 ಇಂಚಿನ ಮೂರು ಅಳತೆಗಳಲ್ಲಿ ಹೃದಯದಾಕಾರಕ್ಕೆ ಕತ್ತರಿಸಿ. ನಡುವೆ ಒಮ್ಮೆ ಮಡಿಸಿ ಬಿಡಿಸಿದರೆ ನಡುನರ ಮೂಡುತ್ತದೆ. ತೆಳು ಹಳದಿ ಬಣ್ಣವನ್ನು ಅರೆ ಒಣಗಿದ ಬ್ರಷ್‌ನಿಂದ ಅಲ್ಲಲ್ಲಿ ಎಳೆಯಿರಿ, ನೀಟಾಗಿ ಬೇಡ. ಒಂದೆರಡು ಎಲೆಯ ತುದಿಗೆ ಕಂದು ಬಣ್ಣ ತಾಗಿಸಿ. ನಿಜವಾದ ಯಾವ ಗಿಡದಲ್ಲಿ ಒಂದಾದರೂ ಒಣಗಿದ ಎಲೆ ಇರುವುದಿಲ್ಲ, ಹೇಳಿ!

ಎಲೆಯ ಹಿಂದೆ ಸಣ್ಣ ತಂತಿ ಅಂಟಿಸಿ, ಒಣಗಿದ ಮೇಲೆ ದಪ್ಪ ತಂತಿಗೆ ಟೇಪಿನಿಂದ ಸುತ್ತಬೇಕು. ಫ್ಲೋರಲ್ ಟೇಪ್ ಎಳೆದರೆ ಮಾತ್ರ ಅಂಟುತ್ತದೆ. ಇದು ತಿಳಿಯದೆ ನಾನು ಅರ್ಧ ಸುರುಳಿ ದಂಡ ಮಾಡಿದೆ. ಒಂದು ಗೆಣ್ಣಿಗೆ ಒಂದೇ ಎಲೆ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಇಳಿಬಿಡುವ ಬಳ್ಳಿಯಾದರೆ ತುದಿಗೆ ಹೋದಂತೆ ಎಲೆ ಚಿಕ್ಕದಾಗಲಿ. ಕೋಲಿಗೆ ಹಬ್ಬಿಸುವುದಾದರೆ ದೊಡ್ಡ ಎಲೆಗಳು ಮೇಲೆ ಬರಲಿ, ಮನಿ ಪ್ಲಾಂಟಿನ ಸ್ವಭಾವವೇ ಹಾಗೆ.

ಕುಂಡಕ್ಕೆ ಹಳೆಯ ತುಪ್ಪದ ಡಬ್ಬಿ ಸಾಕು, ಹೊರಗೆ ಸೆಣಬಿನ ಹಗ್ಗ ಸುತ್ತಿ. ಒಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಹಾಕಿ ಬಳ್ಳಿ ನಿಲ್ಲಿಸಿ, ಮೇಲೆ ತೆಂಗಿನ ನಾರು ಹರಡಿ. ಉಳಿದ ಪ್ಲಾಸ್ಟರನ್ನು ಮಾತ್ರ ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೆ ಕಲ್ಲಾಗಿ ಕೂತರೆ ಪ್ಲಂಬರನ ಖರ್ಚಿನಲ್ಲಿ ಶೋರೂಮಿನ ಗಿಡವೇ ಬರುತ್ತಿತ್ತು. ಮಳೆಗಾಲದ ತೇವಕ್ಕೆ ಕಾಗದ ಬೂಸ್ಟು ಹಿಡಿಯದಂತೆ ಎಲೆಯ ಎರಡೂ ಬದಿಗೆ ಹೊಳಪಿಲ್ಲದ ವಾರ್ನಿಶ್ ಹಚ್ಚಿ. ಧೂಳನ್ನು ಒಣ ಬ್ರಷ್‌ನಿಂದಲೇ ತೆಗೆಯಿರಿ.

ನಮ್ಮ ಗಿಡ ನೋಡಿದ ಪಕ್ಕದ ಮನೆಯವರು ಹೀಗೇ ಒಂದು ತುಳಸಿ ಮಾಡಿಕೊಡಿ ಎಂದರು. ಅದೊಂದನ್ನು ಒಲ್ಲೆ ಎಂದೆ. ಹಾಲ್‌ನ ಅಲಂಕಾರಕ್ಕೆ ಸುಳ್ಳು ಹೇಳಬಹುದು, ದೀಪ ಹಚ್ಚುವ ಜಾಗದಲ್ಲಿ ಹೇಳಲು ನನಗೆ ಮನಸ್ಸು ಬರಲಿಲ್ಲ. ಅವರಿಗೆ ಸ್ವಲ್ಪ ಬೇಸರವೂ ಆಯಿತು.

ದಸರೆಗೆ ಅಮ್ಮ ಶಿರಸಿಯಿಂದ ಬಂದಿದ್ದರು. ಮನೆಯ ಸುತ್ತ ಗಿಡ ಇರುವ ಕಡೆಯಿಂದ ಬಂದವರು ಕಾಗದದ ಗಿಡ ನೋಡಿ ಏನೆನ್ನುತ್ತಾರೋ ಎಂದು ಅಳುಕಿತ್ತು. ಚೊಂಬು ಹಿಡಿದು ನೀರು ಹಾಕಲು ಹೋಗುತ್ತಾರೆ, ಆಮೇಲೆ ನಗೋಣ ಎಂದು ಮಕ್ಕಳು ಕಾದಿದ್ದರು. ಅಮ್ಮ ಬಾಗಿಲಲ್ಲೇ ನಿಂತು ನೋಡಿ, “ಇದು ಮಾಡಿದ್ದಲ್ವಾ?” ಎಂದರು. ಹೇಗೆ ಗೊತ್ತಾಯಿತು ಎಂದು ಕೇಳಿದೆ.

“ಎಲೆ ಒಂದೊಂದೂ ಒಂದೊಂದು ದಿಕ್ಕಿಗೆ ನೋಡ್ತಿದೆ. ಗಿಡ ಆದ್ರೆ ಎಲ್ಲಾ ಕಿಟಕಿ ಕಡೆ ತಿರುಗಿರ್ತಿತ್ತು.”

ಆ ಸಂಜೆ ಇಬ್ಬರೂ ಕೂತು ತಂತಿಗಳನ್ನು ಒಂದೊಂದಾಗಿ ಬಗ್ಗಿಸಿದೆವು. ಈಗ 23 ಎಲೆಗಳೂ ಆ ಗೋಡೆ ಕಾಣುವ ಕಿಟಕಿಯ ಕಡೆಗೇ ಇವೆ. ಅಗ್ರಿಮೆಂಟ್ ಜನವರಿಗೆ ಮುಗಿಯುತ್ತದೆ. ಹೊಸ ಮನೆಯ ಕಿಟಕಿ ಯಾವ ಕಡೆಗಿದೆ ನೋಡಿಕೊಂಡು ಮತ್ತೊಮ್ಮೆ ತಿರುಗಿಸಬೇಕು.